ಎಲುಬಿಗೂ ನೆನಪಿಗೂ ಏನು ನಂಟು? ಇಲಿಗಳು ಹೇಳೋ ಕಥೆ ಇದು

ಹುಣಸಗಿ: ಎಲುಬು ಅಂದ್ರೆ ಮೈ ಹೊರುವ ಕಂಬ, ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಎಲುಬು ಕಟ್ಟುವ ಜೀವಕೋಶಗಳು ಆಸ್ಟಿಯೋಕ್ಯಾಲ್ಸಿನ್ ಎಂಬ ಹಾರ್ಮೋನನ್ನೂ ರಕ್ತಕ್ಕೆ ಬಿಡುತ್ತವೆ. ಇಲಿಗಳಲ್ಲಿ ಅದು ಮೆದುಳಿನವರೆಗೂ ಹೋಗುತ್ತದೆ.

ಇದನ್ನು ಹೇಳಿದ್ದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ತಂಡ. ಈ ಹಾರ್ಮೋನೇ ಇಲ್ಲದ ಇಲಿಗಳಲ್ಲಿ ಅಂಜಿಕೆ ಹೆಚ್ಚಿತ್ತು, ದಾರಿ ಕಲಿತು ನೆನಪಿಡೋದು ಅವಕ್ಕೆ ಆಗಲಿಲ್ಲ. ಗಬ್ಬದ ಇಲಿಯ ಎಲುಬಿನಿಂದ ಹೊರಟ ಹಾರ್ಮೋನ್ ಹೊಟ್ಟೆಯೊಳಗಿನ ಮರಿಯ ಮೆದುಳು ಬೆಳೆಯಲೂ ನೆರವಾಗುತ್ತದೆ ಎಂದು ತಂಡ 2013ರಲ್ಲಿ ವರದಿ ಮಾಡಿತು. 2017ರ ವರದಿ ಪ್ರಕಾರ, ಮುದಿ ಇಲಿಗಳಿಗೆ ಇದನ್ನು ಕೊಟ್ಟಾಗ ನೆನಪಿನ ಶಕ್ತಿ ಸುಧಾರಿಸಿತು.

ಹಂಗಂತ ಮನುಷ್ಯರಿಗೂ ಇದೇ ಮದ್ದು ಅನ್ನುವಂತಿಲ್ಲ. ಇದೇ ಹಾರ್ಮೋನ್ ರಕ್ತದ ಸಕ್ಕರೆಯನ್ನೂ ಹತೋಟಿಯಲ್ಲಿಡುತ್ತದೆ ಎಂದು ಮೊದಲು ಹೇಳಲಾಗಿತ್ತು. 2020ರಲ್ಲಿ ಬೇರೆ ಎರಡು ತಂಡಗಳು ತಮ್ಮ ಇಲಿಗಳನ್ನು ಪರೀಕ್ಷಿಸಿದಾಗ ಹಾಗೆ ಕಾಣಲಿಲ್ಲ. ವಿಜ್ಞಾನಿಗಳ ನಡುವೆ ವಾದ ಇನ್ನೂ ನಡೆದಿದೆ.

ಇನ್ನೊಂದು ಮಾತು: ಕ್ಯಾಲ್ಸಿಯಂ ಬೇರೆ, ಈ ಹಾರ್ಮೋನ್ ಬೇರೆ. ಎಲುಬಿನ ಗುಳಿಗೆ ನುಂಗಿದರೆ ನೆನಪು ಬರುತ್ತದೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ದಿನವಿಡೀ ಗಲ್ಲಾದ ಮೇಲೆ ಕೂರುವವರು ಬೆಳಿಗ್ಗೆ ಅರ್ಧ ತಾಸು ಬಿರುಸಾಗಿ ನಡೆದರೆ ಎಲುಬಿಗೂ ಒಳ್ಳೇದು, ಮೆದುಳಿಗೂ ಒಳ್ಳೇದು.

ಮನೆಯ ಹಿರಿಯರಿಗೆ ಮರೆವು ಹೆಚ್ಚಾದರೆ 'ವಯಸ್ಸಾಯ್ತು ಬಿಡು' ಅಂತ ಸುಮ್ಮನಾಗಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಅದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಚಿಕಿತ್ಸೆಯೂ ಇದೆ.