ಕೆರೆಗೂ ಕಡಲಿಗೂ ಒಂದೇ ಸ್ಪಿನ್ನಿಂಗ್ ರಾಡ್

ಸ್ಪಿನ್ನಿಂಗ್ ರಾಡ್ ಎಂದರೆ ರೀಲನ್ನು ಕೆಳಬದಿಗೆ ಸಿಕ್ಕಿಸಿಕೊಂಡು ದಾರ ಬೀಸುವ ಗಾಳದ ಕೋಲು. ಬೀಸುವಾಗ ಇದರ ರೀಲಿನ ಉರುಳೆ ತಿರುಗುವುದಿಲ್ಲ. ದಾರವೇ ಉರುಳೆಯ ಅಂಚಿನಿಂದ ಸುತ್ತು ಸುತ್ತಾಗಿ ಕಳಚಿಕೊಂಡು ಹಾರುತ್ತದೆ. ಇಂಥ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಅವರದು ಜವಳಿ ಉದ್ಯಮ. ಬಿದಿರು ಕೋಲಿಗೆ ನೈಲಾನ್ ದಾರ ಕಟ್ಟಿ, ಎರೆಹುಳು ಚುಚ್ಚಿ, ಬೆಂಡು ನೋಡುತ್ತ ಕೂರುವವರಿಗೆ ದಡದ ಹತ್ತಿರದ ನೀರಷ್ಟೇ ಎಟುಕುತ್ತದೆ. ರೀಲ್ ಬಂದ ಮೇಲೆ ನಡುಗೆರೆಯ ಮೀನೂ ಲೆಕ್ಕಕ್ಕೆ ಬಂತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಸಮುದ್ರವಿಲ್ಲ. ಆದರೆ ಮಂಗಳೂರು ದಾರಿ ಇದೆ: ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್‌ನಲ್ಲಿ ಹಿಡಿದ ಹೆದ್ದಾರಿ ಹಾಸನ, ಶಿರಾಡಿ ಘಾಟಿ ದಾಟಿ ಕರಾವಳಿಗೆ ಇಳಿಯುತ್ತದೆ. ವರ್ಷವೆಲ್ಲ ಊರ ಕೆರೆ, ನಾಲೆಗಳಲ್ಲಿ ಗಾಳ ಹಾಕಿ, ರಜೆಗೊಮ್ಮೆ ಕಡಲ ಕಡೆ ಹೋಗುವವರಿಗೆ ಕಡಲಿಗೆಂದೇ ಬೇರೆ ದುಬಾರಿ ರಾಡ್ ಬೇಕೇ? ಹೆಚ್ಚಿನವರಿಗೆ ಬೇಕಿಲ್ಲ. ಕೋಲಿನ ಮೈ ಫೈಬರ್ ಗ್ಲಾಸಿನದಾಗಲಿ ಕಾರ್ಬನ್ನಿನದಾಗಲಿ, ಉಪ್ಪು ಅದನ್ನು ತಿನ್ನುವುದಿಲ್ಲ. ಉಪ್ಪು ತಿನ್ನುವುದು ಅದರ ಮೇಲಿನ ಲೋಹವನ್ನು: ದಾರ ಹಾಯುವ ರಿಂಗುಗಳು, ಅವುಗಳ ಪಾದ, ರೀಲ್ ಕೂರುವ ಸೀಟಿನ ತಿರುಪು. ಕಡಿಮೆ ಬೆಲೆಯ ರಾಡ್ ಕೊಳ್ಳುವವರು ಕಣ್ಣಿಡಬೇಕಾದ್ದು ಅಲ್ಲಿ. ಕೋಲಿನ ಬಣ್ಣ, ಅದರ ಮೇಲೆ ಬರೆದ ಕಡಲಿನ ಹೆಸರು ಇವೆಲ್ಲ ಆಮೇಲಿನ ಮಾತು.

ಹಿಡಿಯ ಮೇಲ್ಭಾಗದಲ್ಲಿ ಸಣ್ಣಕ್ಷರದಲ್ಲಿ ಮೂರು ಸಂಗತಿ ಅಚ್ಚಾಗಿರುತ್ತವೆ. ಒಂದು ಉದ್ದ. ಇನ್ನೊಂದು ಕೋಲು ತಾಳುವ ದಾರದ ಬಲ, ಪೌಂಡ್ ಲೆಕ್ಕದಲ್ಲಿ. ಮೂರನೆಯದು ಬೀಸಬಹುದಾದ ತೂಕ, ಗ್ರಾಮ್ ಲೆಕ್ಕದಲ್ಲಿ. ಇವುಗಳಲ್ಲಿ ಗ್ರಾಮ್ ಲೆಕ್ಕವೇ ಮುಖ್ಯ. 10ರಿಂದ 30 ಗ್ರಾಮ್ ಎಂದಿರುವ ಕೋಲಿನಲ್ಲಿ 80 ಗ್ರಾಮಿನ ಸೀಸ ಕಟ್ಟಿ ಬಲವಾಗಿ ಬೀಸಿದರೆ ಕೋಲು ಮುರಿದೀತು. 3 ಗ್ರಾಮಿನ ಲೂರ್ (ಕೃತಕ ಎರೆ) ಕಟ್ಟಿದರೆ ಅದು ದೂರ ಹೋಗದು. ಏನೂ ಅಚ್ಚಾಗಿರದ ರಾಡನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡುವುದು ಮೇಲು.

ಎಷ್ಟು ಗಡಸು ಬೇಕೆಂಬುದನ್ನು ನೀರು ಮತ್ತು ಮೀನು ಹೇಳುತ್ತವೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ, ತೊಣ್ಣೂರು ಕೆರೆಯಂಥ ವಿಶಾಲ ನೀರಿನಲ್ಲಿ ಹಿಟ್ಟಿನುಂಡೆ ಕಟ್ಟಿ ಕಾಟ್ಲಾ, ರೋಹುಗಳಿಗೆ ಕಾಯುವವರಿಗೆ ಎಂಟು ಅಡಿಯ, ನಡು ಗಡಸಿನ, ಬಾಗಿ ಬಳುಕುವ ಕೋಲು ಸರಿ. ದೊಡ್ಡ ಗೆಂಡೆ ಒಮ್ಮೆಲೇ ಎಳೆದಾಗ ಆ ಬಾಗೇ ದಾರ ಕಡಿಯದಂತೆ ಕಾಯುತ್ತದೆ. ಜೊಂಡು, ತಾವರೆ ತುಂಬಿದ ಸಣ್ಣ ಕೆರೆಯ ಕೊರವ ಮೀನಿನ ಕತೆಯೇ ಬೇರೆ. ಅದರ ಬಾಯಿ ಗಟ್ಟಿ, ಕಚ್ಚಿದ ಕೂಡಲೇ ಜೊಂಡಿನೊಳಗೆ ನುಗ್ಗುತ್ತದೆ. ರಬ್ಬರ್ ಕಪ್ಪೆ ಎಳೆದು ಅದನ್ನು ಹಿಡಿಯಲು ತುದಿ ಮಾತ್ರ ಬಾಗುವ ಬಿಗಿ ಕೋಲು, ಹೆಣೆದ ದಾರ ಬೇಕು. ಎರಡಕ್ಕೂ ಒಂದೇ ಕೋಲು ಎಂದಾದರೆ ನಡು ಗಡಸಿನದನ್ನೇ ಆರಿಸಿ, ದಟ್ಟ ಜೊಂಡಿನ ಕೊರವನನ್ನು ಬಿಟ್ಟುಕೊಡುವುದು ಜಾಣತನ.

ಎಲ್ಲ ನೀರೂ ಗಾಳಕ್ಕೆ ತೆರೆದಿಲ್ಲ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಮೀನು ಹಿಡಿಯುವಂತಿಲ್ಲ; ಅಲ್ಲಿ ಮೊಸಳೆಗಳೂ ಇವೆ. ಮೀನಿನ ಹಕ್ಕು ಗುತ್ತಿಗೆಗೆ ಹೋದ ಕೆರೆಗಳಲ್ಲಿ ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಬೇಕು. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನಂಚಿನಲ್ಲಿದೆ. ಅದು ಕಚ್ಚಿದರೆ ನೀರಿನಲ್ಲಿಟ್ಟೇ ಕೊಕ್ಕೆ ಬಿಡಿಸಿ ಬಿಡಬೇಕು.

ಅಗ್ಗದ ದರ್ಜೆಯಲ್ಲಿ ಕಾರ್ಬನ್‌ಗಿಂತ ಫೈಬರ್ ಗ್ಲಾಸ್, ಅಥವಾ ಎರಡೂ ಬೆರೆತದ್ದು, ಹೆಚ್ಚು ನಂಬಿಕೆಗೆ ಅರ್ಹ. ಗ್ಲಾಸ್ ತುಸು ಭಾರ, ಮೀನಿನ ಸಣ್ಣ ಮುಟ್ಟುವಿಕೆ ಕೈಗೆ ಅಷ್ಟು ತಿಳಿಯದು. ಆದರೆ ಬೈಕಿನ ಹಿಂದೆ ಕಟ್ಟಿದಾಗ, ಬಂಡೆಗೆ ತಗುಲಿದಾಗ ಸುಲಭವಾಗಿ ಮುರಿಯದು. ಕಾರ್ಬನ್ನಿಗೆ ಇನ್ನೊಂದು ಅಪಾಯವಿದೆ: ಅದರಲ್ಲಿ ವಿದ್ಯುತ್ ಹರಿಯುತ್ತದೆ. ನಾಲೆಯ ಏರಿಯ ಮೇಲೆ ಪಂಪ್‌ಸೆಟ್ಟಿನ ತಂತಿಗಳು ತಗ್ಗಾಗಿ ಹಾದುಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಒಂದರೊಳಗೊಂದು ಸರಿಯುವ ಟೆಲಿಸ್ಕೋಪಿಕ್ ರಾಡ್ ಚೀಲದಲ್ಲಿ ಹಿಡಿಯುತ್ತದೆಂದು ಆಸೆಯಾಗುವುದು ಸಹಜ. ಕಡಲ ಮರಳು ಅದರ ಕೀಲುಗಳಿಗೆ ಹೊಕ್ಕರೆ ಬಿಡಿಸುವುದೇ ಒಂದು ಕೆಲಸ. ಎರಡು ತುಂಡಿನ ರಾಡೇ ಒಳ್ಳೆಯದು.

ಅಂಗಡಿಯಲ್ಲಿ ಕೋಲನ್ನು ಕಣ್ಣಿಗೆ ನೇರ ಹಿಡಿದು ರಿಂಗುಗಳೆಲ್ಲ ಒಂದೇ ಸಾಲಿನಲ್ಲಿವೆಯೇ ನೋಡಬೇಕು. ಎಂಟು ಅಡಿಗೆ ತುದಿಯದೂ ಸೇರಿ ಏಳೆಂಟು ರಿಂಗಾದರೂ ಇರಲಿ. ಕಡಿಮೆಯಿದ್ದರೆ ಮೀನು ಎಳೆದಾಗ ದಾರ ಕೋಲಿಗೇ ಉಜ್ಜುತ್ತದೆ. ರೀಲಿನ ಹತ್ತಿರದ ರಿಂಗ್ ಅಗಲವಾಗಿರಬೇಕು, ಸುತ್ತುಗಳಾಗಿ ಹಾರಿ ಬರುವ ದಾರವನ್ನು ಒಟ್ಟುಗೂಡಿಸುವುದು ಅದೇ. ಪ್ರತಿ ರಿಂಗಿನೊಳಗೆ ಹತ್ತಿ ಆಡಿಸಿದರೆ ಎಳೆ ಸಿಕ್ಕಿಕೊಂಡಲ್ಲಿ ಬಿರುಕಿದೆ ಎಂದರ್ಥ. ಒಳಗೆ ಸೆರಾಮಿಕ್ ಬಳೆ, ಹೊರಗೆ ಸ್ಟೇನ್‌ಲೆಸ್ ಸ್ಟೀಲ್ ಚೌಕಟ್ಟು ಇರುವ ರಿಂಗ್ ಕಡಲಿಗೂ ಆದೀತು. ಬರೀ ಕ್ರೋಮ್ ಲೇಪದ್ದಾದರೆ ಲೇಪ ಎದ್ದ ಕಡೆ ತುಕ್ಕು ಕೂರುತ್ತದೆ, ಆ ಒರಟಿಗೆ ದಾರ ಸವೆಯುತ್ತದೆ. ರೀಲ್ ಸಿಕ್ಕಿಸಿ ತಿರುಪು ಬಿಗಿದ ಮೇಲೆ ಅಲುಗಾಡಬಾರದು. ರಾಡಿಗೆ ಎಲ್ಲ ಹಣ ಸುರಿದು, ಉಳಿದ ಚಿಲ್ಲರೆಯಲ್ಲಿ ರೀಲ್ ಕೊಳ್ಳುವುದು ಉಲ್ಟಾ ಲೆಕ್ಕ. ಉಪ್ಪುನೀರಿನಲ್ಲಿ ಮೊದಲು ಕೈಕೊಡುವುದು ರೀಲೇ.

ಇಂಥ ಎಂಟಡಿ ಕೋಲು ಕರಾವಳಿಯಲ್ಲಿ ಎಲ್ಲೆಡೆ ನಡೆಯದು. ತೆರೆಗಳನ್ನು ದಾಟಿಸಿ ದೊಡ್ಡ ಸೀಸ ಎಸೆಯಲು ಹತ್ತು ಅಡಿ ಮೀರಿದ ಬೀಚ್ ರಾಡೇ ಬೇಕು. ದೋಣಿಯಲ್ಲಿ ಹೋಗಿ ದೊಡ್ಡ ಅಂಜಲ್ ಹಿಡಿಯುವುದೂ ಇದರ ಕೆಲಸವಲ್ಲ. ಇದರ ಜಾಗ ಅಳಿವೆ: ನೇತ್ರಾವತಿ, ಅಘನಾಶಿನಿ, ಶರಾವತಿಗಳು ಕಡಲು ಸೇರುವ ಶಾಂತ ನೀರು. ಅಲ್ಲಿ ಮರಳು ತಳದ ಕಾಣೆ ಮೀನಿಗೆ ಸಣ್ಣ ಕೊಕ್ಕೆ, ಸಿಗಡಿ ತುಣುಕು, 20 ಗ್ರಾಮ್ ಸೀಸ ಸಾಕು.

ಕಡಲಿನಿಂದ ಬಂದ ದಿನವೇ ರಾಡನ್ನು ಸಿಹಿನೀರಿನಲ್ಲಿ ತೊಳೆಯಬೇಕು. ರೀಲ್ ಬಿಚ್ಚಿ, ತುಂಡುಗಳನ್ನು ಬೇರ್ಪಡಿಸಿ, ಸೀಟಿನ ತಿರುಪಿನ ಸಂದಿಗೂ ರಿಂಗಿನ ಪಾದಕ್ಕೂ ನೀರು ಬಿಟ್ಟು, ನೆರಳಲ್ಲಿ ಒಣಗಿದ ಮೇಲೆ ಚೀಲಕ್ಕೆ ಹಾಕಬೇಕು. ತುಂಡುಗಳ ಕೀಲು ಸಡಿಲವಾದರೆ ಮೇಣದಬತ್ತಿ ಉಜ್ಜಿದರೆ ಸಾಕು. ತುದಿಯ ರಿಂಗ್ ಹಾಳಾದರೆ ಬಿಸಿ ಅಂಟಿನಿಂದ ಹೊಸದನ್ನು ಮನೆಯಲ್ಲೇ ಕೂರಿಸಬಹುದು. ನಡುವಿನ ರಿಂಗಾದರೆ ಪಾದದ ಮೇಲೆ ನೂಲು ಬಿಗಿಯಾಗಿ ಸುತ್ತಿ ಎಪಾಕ್ಸಿ ಹಚ್ಚಿ, ಅದು ಪೂರ್ತಿ ಗಟ್ಟಿಯಾಗುವವರೆಗೆ ಬಿಡಬೇಕು.