ಎರಡು ಗುಂಪುಗಳ ನಡುವಿನವರು

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಕನ್ನಡಿಗರ ವಾಟ್ಸಾಪ್ ಗುಂಪುಗಳು ಹೆಚ್ಚಾಗಿ ಊರು, ಜಾತಿಸಂಘ, ಯಕ್ಷಗಾನ, ಭಜನಾ ಮಂಡಳಿಗಳ ಸುತ್ತ ಕಟ್ಟಿಕೊಂಡಂಥವು. ಒಂದು ಗುಂಪಿನಲ್ಲಿ 1024 ಮಂದಿಗೆ ಜಾಗವಿದ್ದರೂ ಸುದ್ದಿ ಎಷ್ಟು ದೂರ ಹೋಗುತ್ತದೆಂಬುದನ್ನು ತೀರ್ಮಾನಿಸುವವರು ಎರಡು ಗುಂಪುಗಳಲ್ಲಿರುವ ಕೆಲವೇ ಜನ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಕೆಲಸದ ಸುಳಿವು ಹೆಚ್ಚಾಗಿ ಬರುವುದು ಅಷ್ಟೇನೂ ಆಪ್ತರಲ್ಲದ ಪರಿಚಯಸ್ಥರಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ನೆರೂಳಿನ ಬಂಟರ ಗುಂಪಿಗೆ ಬಂದ ‘ತುರ್ತಾಗಿ ರಕ್ತ ಬೇಕು’ ಎಂಬ ಕೋರಿಕೆ ಡೊಂಬಿವಲಿಯ ಭಜನಾ ಮಂಡಳಿಗೆ ಮುಟ್ಟಬೇಕಾದರೆ ಎರಡೂ ಕಡೆ ಇರುವವರೊಬ್ಬರು ಬೇಕು.

ಅದೇ ದಾರಿಯಲ್ಲಿ ಗಾಳಿಸುದ್ದಿಯೂ ಹರಿಯುತ್ತದಲ್ಲ ಎಂದರೆ, ನಿಜ. ಆದರೆ ಒಂದೇ ಗುಂಪಿನೊಳಗೆ ಸುತ್ತುವ ಸುಳ್ಳನ್ನು ಅಲ್ಲಗಳೆಯುವ ಮಾಹಿತಿಯೂ ಹೊರಗಿನಿಂದಲೇ ಬರಬೇಕು. ನನ್ನ ಚಿಂತೆ ಬೇರೆ: ಕೊಂಡಿ ಒಬ್ಬರೇ ಆಗಿದ್ದರೆ, ಅವರು ನಿವೃತ್ತರಾಗಿ ಊರಿಗೆ ಮರಳಿದೊಡನೆ ಎರಡೂ ಗುಂಪುಗಳ ಸಂಪರ್ಕ ಕಡಿಯುತ್ತದೆ. ಪ್ರತಿ ಸಂಘವೂ ನೆರೆಯ ಗುಂಪಿನಲ್ಲಿ ಕನಿಷ್ಠ ಇಬ್ಬರನ್ನಾದರೂ ಇರಿಸಬೇಕು.