ಹಳೆಯ ಪವರ್ ಟಿಲ್ಲರ್: ತೇಪೆ ಕೀಳುವ ಮುನ್ನ ಮೂಲ ದೋಷ ಹುಡುಕಿ

— ಕಬ್ಬು ಅಭಿವೃದ್ಧಿ ಅಧಿಕಾರಿ



ಕಬ್ಬಿನ ಸಾಲುಗಳ ನಡುವೆ ಕಳೆ ತೆಗೆದು ಮಣ್ಣೇರಿಸುವ ಹೊತ್ತಿಗೆ ಸರಿಯಾಗಿ ಆಳುಗಳು ಸಿಗುವುದಿಲ್ಲ. ಆದಕಾರಣ ನಮ್ಮಲ್ಲಿ ಅನೇಕರು ಹಳೆಯ ಪವರ್ ಟಿಲ್ಲರ್ ಕೊಳ್ಳುತ್ತಿದ್ದಾರೆ. ಜಪಾನಿನ ಮಿತ್ಸುಬಿಷಿ ಸಹಯೋಗದಿಂದ 1967ರಲ್ಲಿ ಬೆಂಗಳೂರಿನಲ್ಲಿ ಇಂಥ ಯಂತ್ರಗಳ ಕಂಪನಿ ಸ್ಥಾಪನೆಯಾದಂದಿನಿಂದ ಈ ಕಡೆಯ ರೈತರಿಗೆ ಇದು ಪರಿಚಿತ. ಒಂದೇ ಸಿಲಿಂಡರಿನ ಗಟ್ಟಿ ಡೀಸೆಲ್ ಎಂಜಿನ್; ಚೆನ್ನಾಗಿ ನೋಡಿಕೊಂಡರೆ ಬಹುಕಾಲ ಬಾಳುತ್ತದೆ. ತೊಂದರೆ ಇರುವುದು ಹಿಂದಿನ ಮಾಲೀಕರು ಮಾಡಿಟ್ಟ ತಾತ್ಕಾಲಿಕ ರಿಪೇರಿಗಳಲ್ಲಿ.

ಅವರನ್ನು ದೂರಿ ಫಲವಿಲ್ಲ. ಒಂದು ಬಿಡಿಭಾಗ ಬೇಕಾದರೆ ಚಾಮರಾಜನಗರಕ್ಕೆ ಹೋಗಬೇಕು, ಇಲ್ಲವೇ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗಬೇಕು. ಕೆಲಸ ನಿಲ್ಲಬಾರದೆಂದು ಯಾರಾದರೂ ತಂತಿ ಕಟ್ಟಿಯಾರು. ಆದರೆ ಇವತ್ತಿಗೆಂದು ಕಟ್ಟಿದ ತಂತಿ ವರ್ಷಗಟ್ಟಲೆ ಉಳಿದುಬಿಡುತ್ತದೆ.

ದೊಡ್ಡಗಾಜನೂರಿನ ಸದಸ್ಯರೊಬ್ಬರು ಕೊಂಡ ಟಿಲ್ಲರನ್ನು ಈಚೆಗೆ ನೋಡಿದೆ. ಏರ್ ಕ್ಲೀನರಿನ ಎಣ್ಣೆ ಬಟ್ಟಲು ಇರಲಿಲ್ಲ. ಬಾಯಿಗೆ ಬಟ್ಟೆ ಸುತ್ತಿತ್ತು. ಗವರ್ನರ್ ಸನ್ನೆಯನ್ನು ತಂತಿಯಿಂದ ಬಿಗಿದಿತ್ತು. ಎಂಜಿನ್ ಕೂರುವ ಚೌಕಟ್ಟಿಗೆ ಎರಡು ಕಡೆ ವೆಲ್ಡಿಂಗ್ ಆಗಿತ್ತು. ಬೆಲ್ಟಿನ ಮೇಲೆ ಮುಚ್ಚಳವೇ ಇಲ್ಲ.

ನೋಡಲು ಇವು ನಾಲ್ಕು ದೋಷಗಳು. ವಾಸ್ತವವಾಗಿ ಒಂದೇ ಸರಪಳಿ. ಬಟ್ಟೆಯ ಮೂಲಕ ನುಗ್ಗಿದ ಕೆಂಪು ಮಣ್ಣಿನ ಧೂಳು ಲೈನರ್ ಮತ್ತು ಪಿಸ್ಟನ್ ರಿಂಗುಗಳನ್ನು ತಿಂದಿತು. ಎಂಜಿನ್ ಬಲ ಕುಗ್ಗಿತು. ಹೆಚ್ಚು ವೇಗ ಕೊಡಲೆಂದು ಗವರ್ನರನ್ನು ಬಿಗಿದರು. ಮಿತಿಮೀರಿದ ವೇಗಕ್ಕೆ ನಡುಕ ಹೆಚ್ಚಿ, ಬೋಲ್ಟುಗಳು ಸಡಿಲಗೊಂಡು ಚೌಕಟ್ಟು ಬಿರುಕುಬಿಟ್ಟಿತು. ಅದೇ ನಡುಕಕ್ಕೆ ಮುಚ್ಚಳದ ಹಿಡಿಕೆಯೂ ಮುರಿಯಿತು. ಗವರ್ನರಿನ ತಂತಿ ಮಾತ್ರ ಬಿಚ್ಚಿದರೆ "ಟಿಲ್ಲರ್ ಎಳೆಯುತ್ತಿಲ್ಲ" ಎಂದು ಮರುದಿನವೇ ಮತ್ತೆ ಕಟ್ಟುವಿರಿ. ವೆಲ್ಡಿಂಗ್ ಮಾತ್ರ ಹೊಸದಾಗಿ ಮಾಡಿಸಿದರೆ ಅದೂ ಬಿರಿಯುತ್ತದೆ.

ಆದ್ದರಿಂದ ಕೆಳಗಿನ ಕ್ರಮವನ್ನು ಅನುಸರಿಸಿರಿ.

1. ಮೊದಲು ಪ್ರಾಣರಕ್ಷಣೆ: ಬೆಲ್ಟ್ ಮುಚ್ಚಳ, ಬ್ರೇಕ್, ಕ್ಲಚ್ ಇವು ಸರಿಯಾಗುವವರೆಗೆ ಯಂತ್ರವನ್ನು ಕೆಲಸಕ್ಕೆ ಇಳಿಸಬೇಡಿ. ತೆರೆದ ಬೆಲ್ಟಿಗೆ ಪಂಚೆಯ ಅಂಚೋ ಟವೆಲ್ಲೋ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗದು. ಸ್ಪ್ಲಿಟ್ ಪಿನ್ ಬದಲು ಮೊಳೆ ಬಗ್ಗಿಸಿ ಹಾಕಿದ ಕಡೆಗಳನ್ನೆಲ್ಲ, ವಿಶೇಷವಾಗಿ ಟ್ರೈಲರ್ ಕೊಂಡಿಯನ್ನು, ಹುಡುಕಿ ಬದಲಾಯಿಸಿರಿ.

2. ತಿರುಗಿಸುವ ಕ್ಲಚ್: ಹಿಡಿಯ ಕೆಳಗಿನ ಈ ಸನ್ನೆಗಳಿಗೆ ತಂತಿ ಕಟ್ಟಿದ್ದರೆ ಕಡೆಗಣಿಸಬೇಡಿ. ಕಡಿದಾದ ಇಳಿಜಾರಿನಲ್ಲಿ ಎಡ ಸನ್ನೆ ಹಿಡಿದರೆ ಎಡ ಚಕ್ರ ಎಂಜಿನ್ನಿನ ತಡೆ ತಪ್ಪಿ ವೇಗವಾಗಿ ಉರುಳುತ್ತದೆ. ಯಂತ್ರ ಬಲಕ್ಕೆ ತಿರುಗುತ್ತದೆ. ಸನ್ನೆ ಸಿಕ್ಕಿಕೊಂಡರೂ ಇದೇ ಅಪಾಯ. ಗುಡ್ಡದ ದಾರಿಯಲ್ಲಿ ಟ್ರೈಲರ್ ಹೂಡುವವರು ಇದನ್ನು ಮರೆಯತಕ್ಕದ್ದಲ್ಲ.

3. ಎಂಜಿನ್ ಪರೀಕ್ಷೆ: ಡಿಕಂಪ್ರೆಶನ್ ಸನ್ನೆ ಬಿಟ್ಟು ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ. ಕೈಗೆ ಬಲವಾದ ತಡೆ ಸಿಗಬೇಕು. ಸುಲಭವಾಗಿ ತಿರುಗಿದರೆ, ಓಡುವಾಗ ನೀಲಿ ಹೊಗೆ ಬಂದರೆ, ಬ್ರೀದರಿನಿಂದ ಹೊಗೆ ಉಗುಳಿದರೆ ರಿಂಗು, ಲೈನರ್ ಸವೆದಿವೆಯೆಂದು ತಿಳಿಯಿರಿ. ಏರ್ ಕ್ಲೀನರನ್ನು ಸರಿಪಡಿಸದೆ ಹೊಸ ರಿಂಗು ಹಾಕಿಸುವುದು ದಂಡದ ಖರ್ಚು. ಬಟ್ಟಲಿನಲ್ಲಿ ಗುರುತಿನವರೆಗೆ ಎಣ್ಣೆ ಇರಲಿ. ಧೂಳಿನ ಕೆಲಸವಿದ್ದಾಗ ದಿನವೂ ನೋಡಿರಿ.

4. ಡೀಸೆಲ್ ಪೈಪು: ತಂತಿ ಬಿಗಿದ ಕಡೆ ಪೈಪು ಸೀಳುತ್ತದೆ, ಗಾಳಿ ಸೇರಿ ಎಂಜಿನ್ ನಿಲ್ಲುತ್ತದೆ. ಡೀಸೆಲಿಗೆಂದೇ ಇರುವ ಪೈಪು, ಸರಿಯಾದ ಕ್ಲಿಪ್ಪು ಹಾಕಿ ಗಾಳಿ ತೆಗೆಯಿರಿ.

5. ಕೊನೆಗೆ ಗವರ್ನರ್ ಮತ್ತು ಚೌಕಟ್ಟು: ಬಲ ಮರಳಿದ ಮೇಲೆ ಗವರ್ನರಿನ ತಂತಿ ತೆಗೆದು, ತಯಾರಕರು ಹೇಳಿದ ವೇಗಕ್ಕೆ ಹೊಂದಿಸಿರಿ. ನಂತರ ಚೌಕಟ್ಟು ಬೆಸೆಸಿ, ಸರಿಯಾದ ಅಳತೆಯ ಬೋಲ್ಟು ಬಿಗಿಯಿರಿ. ಎರಕದ ಗೇರ್ ಪೆಟ್ಟಿಗೆಗೆ ಮಾತ್ರ ಸಾಮಾನ್ಯ ವೆಲ್ಡಿಂಗ್ ಮಾಡಿಸಬೇಡಿ. ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಬಿಚ್ಚುವಾಗ ಪ್ರತಿಯೊಂದು ತೇಪೆಯನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿರಿ. ಒಂದನ್ನು ಸರಿಪಡಿಸಿ ಓಡಿಸಿ ನೋಡಿ, ಬಳಿಕ ಇನ್ನೊಂದಕ್ಕೆ ಕೈಹಾಕಿರಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವುದರಿಂದ ಏನಾಯಿತೆಂದು ಮೆಕ್ಯಾನಿಕ್‌ಗೂ ತಿಳಿಯದು.

ಆ ಸದಸ್ಯರು ಈಗ ರಿಂಗು ಹಾಕಿಸಿ, ಹೊಸ ಬಟ್ಟಲು ತಂದು, ಮೊದಲ ದಿನಗಳಲ್ಲಿ ಹಗುರ ಕೆಲಸ ಮಾತ್ರ ಮಾಡಿಸುತ್ತಿದ್ದಾರೆ. ಗವರ್ನರಿಗೆ ತಂತಿಯ ಅಗತ್ಯ ಬಿದ್ದಿಲ್ಲ. ಬೆಲ್ಟಿನ ಮುಚ್ಚಳವನ್ನು ಮೊದಲೇ ಹಾಕಿಸಿದರು. ಹಿಡಿ ಹಿಡಿಯುವವನು ಅವರ ಮಗ.